ಪರದೇಶದ ತಾಳವೂ ಮನೆಯ ಡೊಳ್ಳೂ

ಹಾಡು ಕೆಟ್ಟಿತು, ಕಾಲ ಕೆಟ್ಟಿತು ಎಂದು ಮರುಗುವುದು ಮುಪ್ಪಿಗೆ ಲೋಕವು ದಯಪಾಲಿಸಿರುವ ಒಂದು ಸವಲತ್ತು. ಅರವತ್ತನ್ನು ದಾಟಿದವನಾದುದರಿಂದ ನಾನೂ ಆ ಸವಲತ್ತಿಗೆ ಬಾಧ್ಯನೇ. ಆದರೆ ಈ ಲೇಖನದಲ್ಲಿ ಅದನ್ನು ಬಳಸಿಕೊಳ್ಳುವ ಉದ್ದೇಶವು ನನಗಿಲ್ಲ. ನನ್ನ ವಯಸ್ಸಿನವರೂ ನನ್ನ ಮಿತ್ರರೂ ಆದ ಕೆಲವರು ಮರುಗುವ ರೀತಿಯಲ್ಲಿಯೇ ಒಂದು ದೊಡ್ಡ ದೋಷವಿದೆಯೆಂದು ನನಗೆ ತೋರಿರುವುದರಿಂದ, ಆ ದೋಷವನ್ನು ಎತ್ತಿ ಹೇಳುವುದಕ್ಕಾಗಿ ಲೇಖನಿಯನ್ನು ಹಿಡಿದಿದ್ದೇನೆ. ಸ್ನೇಹವು ಬೇರೆ, ವಾದವು ಬೇರೆ ಎಂಬುದನ್ನು ಬಲ್ಲ ವಾಚಕರು ಇದನ್ನು ಅನ್ಯಥಾ ಭಾವಿಸಲಾರರೆಂದು ನಂಬುತ್ತೇನೆ.

ಸಂಗತಿ ಇದು. ಆನವಟ್ಟಿಯ ಸುತ್ತಿನ ಒಂದು ಊರಿನಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆ ನಡೆಯಿತು. ಲಾರಿಯ ಮೇಲೆ ಧ್ವನಿಪೆಟ್ಟಿಗೆಗಳನ್ನು ಆಳೆತ್ತರದ ಗೋಡೆಯಂತೆ ಪೇರಿಸಿ, ನಡುರಾತ್ರಿಯವರೆಗೆ ಊರಿನ ಹೆಂಚುಗಳು ನಡುಗುವಂತೆ ಹಾಡುಗಳನ್ನು ಹಾಕಿದರು. ಹಾಡುಗಳಲ್ಲಿ ಹಲವು ನಮ್ಮ ಸಿನೆಮಾದವು. ನಡುವೆ ಒಂದೆರಡು ಸ್ಪ್ಯಾನಿಷ್ ಭಾಷೆಯವು. ಪೋರ್ಟೊರಿಕೊ ದ್ವೀಪದ ಇಬ್ಬರು ಗಾಯಕರು 2017ರಲ್ಲಿ ಹಾಡಿ ಲೋಕವನ್ನೆಲ್ಲ ಕುಣಿಸಿದ ‘ಡೆಸ್ಪಸೀತೊ’ ಎಂಬುದೂ ಅವುಗಳಲ್ಲಿ ಒಂದೆಂದು ಹುಡುಗರಿಂದ ತಿಳಿಯಿತು. ಒಂದು ವಾರದ ಮೇಲೆ ಹಿರಿಯರ ಸಭೆ ಸೇರಿತು. ‘ಲ್ಯಾಟಿನ್ ಮೊದಲಾದ ವಿದೇಶೀ ಸಂಗೀತವನ್ನು ಮುಂದಿನ ವರ್ಷದಿಂದ ಮೆರವಣಿಗೆಯಲ್ಲಿ ನುಡಿಸಕೂಡದು’ ಎಂದು ನಿರ್ಣಯವಾಯಿತು. ನಿರ್ಣಯಕ್ಕೆ ಹಿಡಿದ ಕಾಲವು ನಾಲ್ಕು ನಿಮಿಷ. ಕೈಯೆತ್ತದವನು ನಾನೊಬ್ಬನೇ. ಬಳಿಕ, ಹಾಗಾದರೆ ಡೊಳ್ಳಿನ ಮೇಳವನ್ನು ಕರೆಸೋಣವೇ ಎಂಬ ಮಾತು ಬಂದಿತು. ಮೇಳದವರು ಕೇಳುವ ಸಂಭಾವನೆಯು ಹೆಚ್ಚಾಯಿತೆಂದು ಅರ್ಧ ಗಂಟೆ ಚೌಕಾಸಿ ನಡೆದು, ಕಡೆಗೆ ‘ನೋಡೋಣ’ ಎಂಬಲ್ಲಿಗೆ ಎಲ್ಲರೂ ಎದ್ದರು. ಪರದೇಶದ ತಾಳವನ್ನು ಹೊರಗಟ್ಟಲು ನಾಲ್ಕು ನಿಮಿಷ. ಮನೆಯ ತಾಳವನ್ನು ಒಳಗೆ ಕರೆಯಲು ಅರ್ಧ ಗಂಟೆಯೂ ಸಾಲದು! ಈ ಲೇಖನಕ್ಕೆ ಕಾರಣವು ಇಷ್ಟೇ.

ಶಾಸ್ತ್ರವಿಚಾರದಲ್ಲಿ ಪ್ರತಿಪಕ್ಷವನ್ನು ಮೊದಲು ನ್ಯಾಯವಾಗಿ ನಿರೂಪಿಸಿ ಅನಂತರ ಖಂಡಿಸಬೇಕೆಂಬುದು ಪಾಠಶಾಲೆಯಲ್ಲಿ ನಾನು ಕಲಿತ ಕ್ರಮ. ಆದುದರಿಂದ ಮಿತ್ರರ ಪಕ್ಷವನ್ನು ಅವರ ಮಾತಿನಲ್ಲಿಯೇ ಹೇಳುತ್ತೇನೆ. ಒಂದು: ಈ ಸಂಗೀತವು ನಮ್ಮ ನೆಲದ್ದಲ್ಲ, ನೆಲದ್ದಲ್ಲದ್ದು ನೆಲದ ರುಚಿಯನ್ನು ಕೆಡಿಸುವುದು. ಎರಡು: ಇದು ಮನಸ್ಸನ್ನು ಬಿಟ್ಟು ಮೈಯನ್ನು ಮಾತ್ರ ಕುಣಿಸುವುದು, ದೇವರ ಉತ್ಸವಕ್ಕೆ ಅದು ಅನುಚಿತ. ಮೂರು: ಇದು ಬಂದುದರಿಂದಲೇ ನಮ್ಮ ಡೊಳ್ಳು, ಓಲಗ, ಭಜನೆಗಳು ಅಳಿಯುತ್ತಿವೆ. ಈ ಮೂರರಲ್ಲಿ ಕೇವಲ ಹುಸಿಯೆಂಬುದು ಯಾವುದೂ ಅಲ್ಲ. ಆದರೆ ನಿಜವಾಗಿ ನಿಲ್ಲುವುದೂ ಯಾವುದೂ ಇಲ್ಲ.

ಮೊದಲನೆಯ ಮಾತನ್ನು ಪರಿಶೀಲಿಸುವ ಮುನ್ನ, ಈ ಲ್ಯಾಟಿನ್ ಸಂಗೀತವೆಂಬುದು ಏನೆಂದು ತಿಳಿಯಬೇಕಷ್ಟೆ. ಲ್ಯಾಟಿನ್ ಎಂಬುದು ಪ್ರಾಚೀನ ರೋಮಿನ ಭಾಷೆ. ಅದರ ಸಂತಾನವಾದ ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳನ್ನಾಡುವ ಅಮೆರಿಕಾಖಂಡದ ದೇಶಗಳಿಗೆ ಲ್ಯಾಟಿನ್ ಅಮೆರಿಕಾ ಎಂದು ಹೆಸರು. ಆದರೆ ಅಲ್ಲಿಯ ತಾಳದ ಜೀವವು ರೋಮಿನದಲ್ಲ, ಸ್ಪೇನಿನದೂ ಅಲ್ಲ. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದು ಕಬ್ಬಿನ ಗದ್ದೆಗಳಲ್ಲಿ ದುಡಿಸಿದ ಗುಲಾಮರ ಕೈಗಳಿಂದ ಅದು ಹುಟ್ಟಿತು. ಕ್ಯೂಬಾದಲ್ಲಿ 1886ರವರೆಗೆ, ಬ್ರೆಜಿಲಿನಲ್ಲಿ 1888ರವರೆಗೆ ಗುಲಾಮಗಿರಿಯು ಕಾನೂನಿನ ರಕ್ಷಣೆಯಲ್ಲಿಯೇ ಇತ್ತು. ಕ್ಯೂಬಾದ ರುಂಬಾ, ಬ್ರೆಜಿಲಿನ ಸಾಂಬಾ ಇವು ಆ ಜನರ ಅಂಗಳದಲ್ಲಿ ಬೆಳೆದವು. ಅರ್ಜೆಂಟೀನದ ಟ್ಯಾಂಗೋ ಬಂದರಿನ ಕೇರಿಗಳ ಬಡವರ ನಡುವೆ ಬೆಳೆಯಿತು. ಹವಾನಾದ ಎನ್ರೀಕೆ ಹೊರ್ರಿನ್ ಎಂಬ ಪಿಟೀಲುವಾದಕನು 1950ರ ದಶಕದ ಆರಂಭದಲ್ಲಿ ‘ಚಾ ಚಾ ಚಾ’ ಎಂಬ ನಡೆಯನ್ನು ರೂಢಿಗೆ ತಂದನು. ಆ ಊರುಗಳ ಮರ್ಯಾದಸ್ಥರೂ ಒಂದು ಕಾಲದಲ್ಲಿ ಇವನ್ನೆಲ್ಲ ಕೇಳಿ, ನಮ್ಮ ಸಭೆಯ ಹಿರಿಯರಂತೆಯೇ ಮೂಗು ಮುರಿದವರು. ಈಗಲಾದರೋ ಟ್ಯಾಂಗೋ 2009ರಲ್ಲಿಯೂ ರುಂಬಾ 2016ರಲ್ಲಿಯೂ ಯುನೆಸ್ಕೋ ಸಂಸ್ಥೆಯ ಮಾನವಪರಂಪರೆಯ ಪಟ್ಟಿಯನ್ನು ಸೇರಿವೆ.

ಕ್ಯೂಬಾದ ಈ ಸಂಗೀತದಲ್ಲಿ ಕ್ಲಾವೆ ಎಂಬುದೊಂದಿದೆ. ಎರಡು ಗಿಡ್ಡ ಮರದ ಕೋಲುಗಳು. ನಮ್ಮ ಕೋಲಾಟದ ಕೋಲಿಗಿಂತಲೂ ಚಿಕ್ಕವು. ಹದಿನಾರು ಮಾತ್ರೆಗಳ ಆವರ್ತದಲ್ಲಿ ಆ ಕೋಲುಗಳಿಂದ ಐದು ಪೆಟ್ಟುಗಳನ್ನು ಹಾಕುವರು. ಉಳಿದ ವಾದ್ಯಗಳೆಲ್ಲ ಆ ಐದು ಪೆಟ್ಟುಗಳಿಗೆ ಅಧೀನವಾಗಿ ನಡೆಯತಕ್ಕವು. ಅದನ್ನು ನಮ್ಮ ಕೊನ್ನಕ್ಕೋಲಿನಲ್ಲಿ ಹೇಳುವುದಾದರೆ ಹೀಗೆ: ತಕಿಟ, ತಕಿಟ, ತಕಧಿಮಿ, ತಕ, ತಕಧಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು; ಒಟ್ಟು ಹದಿನಾರು. ಪ್ರತಿ ಶಬ್ದದ ಮೊದಲ ಅಕ್ಷರಕ್ಕೆ ಮಾತ್ರ ಒಂದು ಚಪ್ಪಾಳೆ ತಟ್ಟಿ, ಮಿಕ್ಕ ಅಕ್ಷರಗಳನ್ನು ಮನಸ್ಸಿನಲ್ಲಿಯೇ ನುಡಿದುಕೊಳ್ಳಿರಿ. ವಾಚಕರು ಮಕ್ಕಳೊಡನೆ ಕುಳಿತು ಇದನ್ನು ಪರೀಕ್ಷಿಸಬಹುದು. ನಾಲ್ಕು ಆವರ್ತ ಮುಗಿಯುವುದರೊಳಗೆ ಹವಾನಾದ ಬೀದಿಯು ಮನೆಯ ಜಗುಲಿಗೆ ಬಂದಿರುತ್ತದೆ. ಇದನ್ನು ಮ್ಲೇಚ್ಛಗಣಿತವೆಂದು ತಳ್ಳಲು ಸಾಧ್ಯವೇ? ತಕಿಟ ತಕಧಿಮಿಗಳಲ್ಲಿ ಆಟವಾಡಿದ ಯಾವ ಮೃದಂಗದ ವಿದ್ಯಾರ್ಥಿಗೂ ಇದು ಅಪರಿಚಿತವಲ್ಲ. ಮೂರು ಮತ್ತು ಎರಡು ಎಂಬ ಸಂಖ್ಯೆಗಳನ್ನು ಯಾವ ದೇಶವೂ ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡಿಲ್ಲ.

ಶಾಸ್ತ್ರದ ಬಲದಿಂದ ಪರದೇಶದ್ದನ್ನು ನಿಷೇಧಿಸುತ್ತೇವೆ ಎನ್ನುವವರು ಶಾಸ್ತ್ರಗ್ರಂಥಗಳನ್ನು ಒಮ್ಮೆ ತೆರೆದು ನೋಡಲಿ. ನಮ್ಮ ಪೂರ್ವಿಕರು ಸಂಗೀತವನ್ನು ಮಾರ್ಗವೆಂದೂ ದೇಶಿಯೆಂದೂ ಎರಡಾಗಿ ವಿಂಗಡಿಸಿ, ಆಯಾ ಸೀಮೆಯ ಜನರ ಮನಸ್ಸನ್ನು ರಂಜಿಸುವುದಕ್ಕೆ ದೇಶಿಯೆಂದು ಹೆಸರಿಟ್ಟರು. ಮತಂಗನು ತನ್ನ ಗ್ರಂಥಕ್ಕೆ ಬೃಹದ್ದೇಶೀ ಎಂಬ ಹೆಸರನ್ನೇ ಕೊಟ್ಟನು. ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ಬರೆದ ಸಂಗೀತರತ್ನಾಕರದಲ್ಲಿ 120 ದೇಶೀತಾಳಗಳನ್ನು ಎಣಿಸಿ ಲಕ್ಷಣ ಹೇಳಿದ್ದಾನೆ. ಅದೇ ಗ್ರಂಥದ ರಾಗಗಳಲ್ಲಿ ತುರುಷ್ಕ ತೋಡಿಯೆಂಬುದೂ ಉಂಟು. ತುರುಷ್ಕ ಎಂಬ ವಿಶೇಷಣವನ್ನು ಅಳಿಸದೆ, ಬಂದ ದಾರಿಯನ್ನು ಮರೆಸದೆ, ಆ ರಾಗಕ್ಕೆ ಲಕ್ಷಣ ಬರೆದು ಒಳಗೆ ಕೂರಿಸಿಕೊಂಡ ಆ ಆಚಾರ್ಯನ ಧೈರ್ಯವನ್ನು ಗಮನಿಸಬೇಕು. ಅನ್ಯರದ್ದನ್ನು ಕಂಡು ಹೆದರುವುದು ಶಾಸ್ತ್ರವನ್ನು ಅರ್ಧ ಓದಿದವರ ಲಕ್ಷಣ. ಅದಕ್ಕೆ ಲಕ್ಷಣ ಬರೆಯುವುದು ಪೂರ್ತಿ ಓದಿದವರ ಲಕ್ಷಣ.

ಇದು ಹಳೆಯ ಮಾತಾಯಿತೆನ್ನುವಿರಾದರೆ ಹತ್ತಿರದ್ದನ್ನು ನೋಡೋಣ. ಪಿಟೀಲಿಲ್ಲದ ಕರ್ನಾಟಕ ಸಂಗೀತದ ಕಚೇರಿಯನ್ನು ಈಗ ಯಾರು ಊಹಿಸಬಲ್ಲರು? ಅದು ಯೂರೋಪಿನ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಪದ್ಧತಿಗೆ ಪಳಗಿಸಿದವರಲ್ಲಿ ಮೊದಲಿಗರು. ಅಷ್ಟೇ ಅಲ್ಲ, ಶ್ರೀವಿದ್ಯೋಪಾಸಕರಾದ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತದಲ್ಲಿ ದೇವತಾಸ್ತುತಿಗಳನ್ನು ಹೊಸೆದರು. ನೋಟುಸ್ವರಗಳೆಂದು ಪ್ರಸಿದ್ಧವಾದ ಆ ರಚನೆಗಳು ಮೂವತ್ತಕ್ಕೂ ಹೆಚ್ಚು. ಅವುಗಳಲ್ಲಿ ಒಂದು ಇಂಗ್ಲಿಷರ ರಾಜಗೀತೆಯ ಮಟ್ಟಿನಲ್ಲಿಯೇ ಇದೆ. ದೀಕ್ಷಿತರ ಮಡಿಗೆ ತಗುಲದ ಮೈಲಿಗೆಯು ನಮ್ಮ ಮಡಿಗೆ ತಗುಲುವುದೆಂದರೆ, ನಮ್ಮ ಮಡಿಯು ಅವರದಕ್ಕಿಂತ ಹೆಚ್ಚಿನದೇ? ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿ ನಾಡಿಗೆ ಕೀರ್ತಿ ತಂದರು. ಜಯಚಾಮರಾಜ ಒಡೆಯರವರು ಒಂದು ಕಡೆ ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸುತ್ತ, ಇನ್ನೊಂದು ಕಡೆ ರಷ್ಯಾದ ಸಂಗೀತಗಾರ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ದ್ರವ್ಯಸಹಾಯ ಮಾಡಿದರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಬ್ಯಾಂಡಿನ ಸ್ಯಾಕ್ಸೊಫೋನನ್ನು ಕಲ್ಯಾಣಿ, ಮೋಹನಗಳಿಗೆ ಒಗ್ಗಿಸಿದರು. ಇವರಾರೂ ನೆಲದ ರುಚಿಯನ್ನು ಕೆಡಿಸಿದವರಲ್ಲ. ಮತ್ತೊಂದು ಮಾತು. ವಿದೇಶೀ ಸಂಗೀತವನ್ನು ನಿಷೇಧಿಸಿದ ಆ ಸಭೆಯು ಪ್ರಾರ್ಥನೆಯಿಂದ ಆರಂಭವಾಯಿತು. ಪ್ರಾರ್ಥನೆಗೆ ಶ್ರುತಿ ಕೊಟ್ಟುದು ಹಾರ್ಮೋನಿಯಂ. ಆ ಪೆಟ್ಟಿಗೆಯು ಹುಟ್ಟಿದ ಊರು ಪ್ಯಾರಿಸ್!

ನಿಷೇಧದ ಫಲವೇನೆಂಬುದನ್ನು ಇತಿಹಾಸವೂ ತೋರಿಸಿಕೊಟ್ಟಿದೆ. ಇದೇ ಹಾರ್ಮೋನಿಯಮ್ಮನ್ನು ಆಕಾಶವಾಣಿಯು 1940ರಲ್ಲಿ ಬಹಿಷ್ಕರಿಸಿತು. 1971ರಲ್ಲಿ ಆ ಬಹಿಷ್ಕಾರವನ್ನು ಸಡಿಲಿಸಬೇಕಾಯಿತು. ನಡುವಣ ಮೂವತ್ತು ವರ್ಷಗಳಲ್ಲಿ ಅದು ನಮ್ಮ ನಾಟಕದ ಕಂಪೆನಿಗಳನ್ನಾಗಲಿ ಭಜನೆಯ ಮನೆಗಳನ್ನಾಗಲಿ ಬಿಟ್ಟು ಹೋಗಲಿಲ್ಲ. 1952ರಲ್ಲಿ ಕೇಂದ್ರಸರ್ಕಾರದ ಮಂತ್ರಿಗಳಾದ ಕೇಸ್ಕರರು ಸಿನೆಮಾ ಹಾಡುಗಳು ಕೀಳು ಅಭಿರುಚಿಯವೆಂದು ಆಕಾಶವಾಣಿಯಿಂದ ಅವನ್ನು ದೂರವಿರಿಸಲೆಳಸಿದರು. ಜನರು ಶಾಸ್ತ್ರೀಯ ಸಂಗೀತದ ಕಡೆಗೆ ತಿರುಗಿದರೇ? ಇಲ್ಲ, ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಕಡೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ ವಿವಿಧಭಾರತಿಯನ್ನು ಆರಂಭಿಸಿತು. ಒಂದು ಸರ್ಕಾರದಿಂದ ಆಗದ ಕೆಲಸವು ನಮ್ಮ ಊರಿನ ನಾಲ್ಕು ನಿಮಿಷದ ನಿರ್ಣಯದಿಂದ ಆದೀತೆ?

ಅಲ್ಲದೆ ಈ ತಾಳವು ನಿನ್ನೆ ಮೊನ್ನೆ ಲಾರಿಯೇರಿ ಬಂದುದಲ್ಲ. ಗೋವೆಯು 1510ರಿಂದ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿಯ ಇಗರ್ಜಿಯ ಶಾಲೆಗಳಲ್ಲಿ ಸ್ವರಲಿಪಿಯನ್ನು ಕಲಿತ ಮಕ್ಕಳು ಮುಂದೆ ಮುಂಬಯಿಗೆ ಹೋಗಿ, ಹೋಟೆಲಿನ ವಾದ್ಯಮೇಳಗಳಲ್ಲಿಯೂ ಸಿನೆಮಾದ ವಾದ್ಯಗೋಷ್ಠಿಗಳಲ್ಲಿಯೂ ನುಡಿಸಿದರು. ಆಂಟನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜ, ಫ್ರಾಂಕ್ ಫರ್ನಾಂಡ್, ಚಿಕ್ ಚಾಕೊಲೆಟ್ ಎಂದು ಹೆಸರಾದ ತುತ್ತೂರಿವಾದಕ ಮೊದಲಾದವರು ಅಲ್ಲಿಂದ ಬಂದವರು. ಸಿ. ರಾಮಚಂದ್ರರ ಸಂಗೀತವಿದ್ದ 1951ರ ‘ಅಲ್ಬೇಲಾ’ ಚಿತ್ರದಲ್ಲಿ ಚಿಕ್ ಚಾಕೊಲೆಟ್ಟನು ತನ್ನ ಮೇಳದೊಡನೆ ತೆರೆಯ ಮೇಲೂ ಕಾಣಿಸಿಕೊಂಡನು. ಕ್ಯೂಬಾದ ಬಾಂಗೋ, ನಮ್ಮವರು ಟುಂಬಾ ಎನ್ನುವ ಉದ್ದನೆಯ ಕೊಂಗಾ, ಒಳಗೆ ಕಾಳು ತುಂಬಿ ಅಲುಗಿಸುವ ಮರಾಕಾಸ್ ಇವು ಹೀಗೆ ಮುಂಬಯಿ, ಮದರಾಸುಗಳ ಧ್ವನಿಮುದ್ರಣಶಾಲೆಗಳನ್ನು ಹೊಕ್ಕು, ಅಲ್ಲಿಂದ ಕನ್ನಡದ ಹಾಡುಗಳಿಗೂ ಬಂದವು. ಜಿಲ್ಲೆಯ ಯಾವ ಆರ್ಕೆಸ್ಟ್ರಾದ ವೇದಿಕೆಯನ್ನು ನೋಡಿದರೂ ತಬಲದ ಪಕ್ಕದಲ್ಲಿ ಬಾಂಗೋ ಕುಳಿತಿರುವುದು. ಇಂದು ಕಿವಿ ಮುಚ್ಚಿಕೊಳ್ಳುವ ನನ್ನ ಮಿತ್ರರು ಹರೆಯದಲ್ಲಿ ಟೆಂಟು ಸಿನೆಮಾದಿಂದ ಹಿಂದಿರುಗುವಾಗ ಸೈಕಲ್ಲಿನ ಮೇಲೆ ಗುನುಗುತ್ತಿದ್ದ ಹಾಡುಗಳಲ್ಲಿ ಅರ್ಧಕ್ಕೆ ಈ ತಾಳದ ಉಪ್ಪು ಬಿದ್ದಿತ್ತು. ಉಂಡವರಿಗೆ ಅದು ತಿಳಿದಿರಲಿಲ್ಲವಷ್ಟೆ.

ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ಮೈಯನ್ನು ಕುಣಿಸುವ ತಾಳವು ದೇವರಿಗೆ ಅನುಚಿತವೆಂಬುದು ಯಾರ ಮತ? ಡಮರುವನ್ನು ಹಿಡಿದು ಕುಣಿಯುವವನನ್ನು ನಟರಾಜನೆಂದು ಪೂಜಿಸುವ ನಾವು ಈ ಮಾತನ್ನಾಡಬಹುದೇ? ದೂರ ಹೋಗುವುದು ಬೇಡ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮನನ್ನು ಹರಿಹರನು ಪ್ರಭುದೇವರ ರಗಳೆಯಲ್ಲಿ ಮದ್ದಳೆಗಾರನನ್ನಾಗಿ ಚಿತ್ರಿಸಿದ್ದಾನೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನು ಮದ್ದಳೆ ಬಾರಿಸುವುದು ನಮ್ಮ ನೆರೆಯ ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ. ಅವನ ಮದ್ದಳೆಗೆ ಮಾಯೆಯು ಕುಣಿಯುವಳು. ಶೂನ್ಯಸಿಂಹಾಸನವನ್ನೇರಿದ ಮಹಾನುಭಾವನಿಗೆ ಕವಿಗಳು ಕೊಟ್ಟ ಪೂರ್ವಾಶ್ರಮವು ಚರ್ಮವಾದ್ಯದ್ದು. ಇನ್ನು ಡೊಳ್ಳನ್ನು ನೋಡಿರಿ. ಬೀರೇಶ್ವರನ ಸನ್ನಿಧಿಯಲ್ಲಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಹಾರಿ, ಬಾಗಿ, ಒಬ್ಬರ ಹೆಗಲ ಮೇಲೊಬ್ಬರು ಏರಿ ಬಾರಿಸುವಾಗ ಮೈಯು ಕುಣಿಯುವುದಿಲ್ಲವೇ? ಕುಣಿಯದಿದ್ದರೆ ಅದು ಡೊಳ್ಳೇ ಅಲ್ಲ. ಅಶ್ಲೀಲತೆಯು ಮಾತಿನಲ್ಲಿಯೂ ಅಭಿನಯದಲ್ಲಿಯೂ ಇರುವುದೇ ಹೊರತು ಲಯದಲ್ಲಿರುವುದಿಲ್ಲ. ಮಿತ್ರರಿಗೆ ಅಶ್ಲೀಲವೇ ಬೇಡವಾಗಿದ್ದರೆ, ಆ ರಾತ್ರಿ ಹಾಕಿದ ಅಚ್ಚಗನ್ನಡದ ಕೆಲವು ಹಾಡುಗಳ ಮಾತುಗಳನ್ನು ಮೊದಲು ವಿಚಾರಿಸಬೇಕಾಗಿತ್ತು. ಅವು ನಮ್ಮ ಭಾಷೆಯವಾದುದರಿಂದ ಯಾರೂ ಅವುಗಳ ಹೆಸರನ್ನೆತ್ತಲಿಲ್ಲ. ಸ್ಪ್ಯಾನಿಷ್ ಹಾಡು ತಿಳಿಯದ ಭಾಷೆಯದಾದುದರಿಂದ ಎಲ್ಲ ದೋಷವೂ ಅದರ ತಲೆಗೆ ಬಂದಿತು.

ಉಳಿದುದು ಮೂರನೆಯ ಆಕ್ಷೇಪ. ಮೂರರಲ್ಲಿ ಗಟ್ಟಿಯಾದುದು ಇದೇ. ನಮ್ಮ ಡೊಳ್ಳು ಹಿಂದೆ ಬೀಳುತ್ತಿದೆಯೆಂಬುದು ನಿಜ. ದೀಪಾವಳಿಯ ಇರುಳಿನಲ್ಲಿ ದೀಪ ಹಿಡಿದು ಮನೆಮನೆಗೆ ಬರುತ್ತಿದ್ದ ಅಂಟಿಗೆ ಪಂಟಿಗೆಯವರ ಹಾಡೂ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆಯೆಂಬುದು ನಿಜ. ಆದರೆ ಕೊಂದವರು ಯಾರು? ಒಂದರ ಬಳಿಕ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಲಾರದೆಂದು ತರ್ಕಶಾಸ್ತ್ರವು ಹೇಳುತ್ತದೆ. ಕಾಗೆಯು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಇರುವ ಸಂಬಂಧವೇ ಇಲ್ಲಿಯದು.

ನನ್ನ ಬಳಿ ಏಳನೆಯ ತರಗತಿಯವರೆಗೆ ಓದಿದ ಒಬ್ಬ ಹುಡುಗನು ಡೊಳ್ಳಿನವರ ಮನೆಯವನು. ಅವನ ತಂದೆಯ ಕೈಯ ಪೆಟ್ಟನ್ನು ಅರ್ಧ ಮೈಲಿ ದೂರದಿಂದ ಗುರುತಿಸಬಹುದಾಗಿತ್ತು. ಆ ಹುಡುಗನೇ ಈಗ ಡಿಜೆಯ ಲಾರಿಯನ್ನು ಇಟ್ಟುಕೊಂಡಿದ್ದಾನೆ. ಮೆರವಣಿಗೆಯ ಮರುದಿನ ಸಂತೆಯಲ್ಲಿ ಸಿಕ್ಕಾಗ, “ನಿಮ್ಮಪ್ಪನ ಡೊಳ್ಳು ಏನಾಯಿತೋ?” ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದೆನು. ಅವನು ನಗುತ್ತಲೇ, “ಅಟ್ಟದ ಮೇಲೆ ಐತೆ ಮೇಷ್ಟ್ರೇ. ಅಪ್ಪ ಡೊಳ್ಳು ಹೊತ್ಕೊಂಡು ಹೋದ್ರೆ ಊಟ ಪೆಂಡಾಲಿನ ಹೊರಗೆ, ದುಡ್ಡು ನಾಳೆ. ನಾನು ಲಾರಿ ತಂದ್ರೆ ಕುರ್ಚಿ ಒಳಗೆ, ದುಡ್ಡು ಮುಂಗಡ. ನೀವೇ ಹೇಳಿ, ನಾನು ಯಾವುದು ಹೊರಲಿ?” ಎಂದನು. ವ್ಯಾಕರಣ, ತರ್ಕ, ಅಲಂಕಾರಗಳನ್ನು ಓದಿದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಡೊಳ್ಳನ್ನು ಅಟ್ಟಕ್ಕೆ ಏರಿಸಿದುದು ಹವಾನಾದ ಕೋಲಲ್ಲ. ನಮ್ಮ ಪಂಕ್ತಿ, ನಮ್ಮ ಚೌಕಾಸಿ.

ನಾನೂ ಈ ದೋಷದಿಂದ ಹೊರಗಿನವನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದೆನು. ಅಮರಕೋಶವನ್ನು ಬಾಯಿಪಾಠ ಮಾಡಿಸಿದೆನು. ಪಟಹ, ಆನಕ, ಮುರಜ ಎಂದು ಚರ್ಮವಾದ್ಯಗಳ ಹೆಸರುಗಳನ್ನು ಹುಡುಗರಿಂದ ಒಪ್ಪಿಸಿಕೊಂಡೆನು. ಆದರೆ ಆನಕವನ್ನು ನಿಜವಾಗಿ ಬಾರಿಸಬಲ್ಲ ಆ ಹುಡುಗನ ತಂದೆಯನ್ನು ಒಂದು ದಿನವಾದರೂ ತರಗತಿಗೆ ಕರೆದು, ಗುರುಗಳೇ ಎಂದು ಕುರ್ಚಿ ಕೊಟ್ಟು ಕೂರಿಸಲಿಲ್ಲ. ಶಬ್ದವನ್ನು ಕಲಿಸಿ ಅರ್ಥವನ್ನು ಬಾಗಿಲ ಹೊರಗೆ ನಿಲ್ಲಿಸಿದೆನು. ಈಗ ಆ ಹಿರಿಯನು ಇಲ್ಲ.

ಇದಕ್ಕಿಂತಲೂ ನಾಚಿಕೆಗೇಡಿನ ಇನ್ನೊಂದು ಸಂಗತಿಯಿದೆ. ನಮ್ಮ ಗಡಿಯ ಆಚೆ, ಉತ್ತರ ಕನ್ನಡದ ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಕಾಡುಗಳಲ್ಲಿ ಸಿದ್ದಿಗಳು ವಾಸವಾಗಿದ್ದಾರೆ. ಪೋರ್ಚುಗೀಸರು ಮೊದಲಾದವರು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ಸಂತತಿಯವರು ಇವರು. ಗೋವೆಯಿಂದ ತಪ್ಪಿಸಿಕೊಂಡು ಬಂದು ಘಟ್ಟದ ಕಾಡನ್ನು ಸೇರಿದವರು ಇವರಲ್ಲಿ ಬಹುಮಂದಿ. ಕನ್ನಡವನ್ನೂ ಕೊಂಕಣಿಯನ್ನೂ ಆಡುವರು. 2003ರಲ್ಲಿ ಸರ್ಕಾರವು ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಇವರಲ್ಲಿ ಡಮಾಮಿಯೆಂಬ ಚರ್ಮವಾದ್ಯವೂ ಅದರ ಕುಣಿತವೂ ಉಂಟು. ಕ್ಯೂಬಾಕ್ಕೆ ಹೋದವರ ಸೀಮೆಯು ಬೇರೆ, ಇಲ್ಲಿಗೆ ಬಂದವರ ಸೀಮೆಯು ಬೇರೆ ಇದ್ದಿರಬಹುದು. ಆದರೆ ಸಂಕಟವು ಒಂದೇ, ಆ ಸಂಕಟವನ್ನು ಚರ್ಮದ ಮೇಲೆ ಬಾರಿಸಿ ನೀಗಿಕೊಂಡ ರೀತಿಯೂ ಒಂದೇ. ಅಟ್ಲಾಂಟಿಕ್ ಸಮುದ್ರದ ಆಚೆಗೆ ಹೋದ ಪೆಟ್ಟು ಧ್ವನಿಪೆಟ್ಟಿಗೆಯ ಮೂಲಕ ಹಿಂದಿರುಗಿ ಬಂದಾಗ ನಮ್ಮ ಹುಡುಗರು ಅದನ್ನು ನಾಗರಿಕವೆಂದು ತಲೆಯ ಮೇಲೆ ಹೊತ್ತರು, ಹಿರಿಯರು ಅನಾಗರಿಕವೆಂದು ತಳ್ಳಿದರು. ಒಂದು ಬಸ್ಸಿನ ಹಾದಿಯಲ್ಲಿರುವ ಡಮಾಮಿಯನ್ನು ಹುಡುಗರೂ ಕೇಳಲಿಲ್ಲ, ಹಿರಿಯರೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಜನರು ಇನ್ನೆಲ್ಲಿಯೂ ಇರಲಾರರು.

ಹಾಗಾದರೆ ಆ ರಾತ್ರಿಯ ಮೆರವಣಿಗೆಯನ್ನು ನಾನು ಸಮರ್ಥಿಸುತ್ತೇನೆಯೇ? ಖಂಡಿತ ಇಲ್ಲ. ಅದರಲ್ಲಿ ಮೂರು ಅಪರಾಧಗಳಿದ್ದವು. ಮೂರರಲ್ಲಿ ಯಾವುದೂ ವಿದೇಶದ್ದಲ್ಲ. ಮೊದಲನೆಯದು ಅಬ್ಬರ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಸ್ಥಳದಲ್ಲಿ ಶಬ್ದವು ಹಗಲು 55 ಡೆಸಿಬೆಲ್, ಇರುಳು 45 ಡೆಸಿಬೆಲ್ ಮಿತಿಯನ್ನು ಮೀರಕೂಡದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವು ಸಾಮಾನ್ಯವಾಗಿ ನಿಷಿದ್ಧ. ಕಾನೂನು ಶಬ್ದದ ಪ್ರಮಾಣವನ್ನು ಕೇಳುತ್ತದೆ, ಶಬ್ದದ ಜಾತಿಯನ್ನು ಕೇಳುವುದಿಲ್ಲ. ತೊಟ್ಟಿಲ ಕೂಸನ್ನು ಬೆಚ್ಚಿಸುವ ಗದ್ದಲದಲ್ಲಿ ತ್ಯಾಗರಾಜರ ಕೃತಿಯನ್ನೇ ಹಾಕಿದರೂ ಅದು ಅಪರಾಧವೇ. ಎರಡನೆಯದು ಮನುಷ್ಯನ ಅಭಾವ. ಕ್ಯೂಬಾದಲ್ಲಿ ರುಂಬಾ ಎಂದರೆ ಬಾರಿಸುವ ಕೈ, ಹಾಡುವ ಕಂಠ, ಎದುರು ನಿಂತು ಕುಣಿಯುವ ಕಾಲು. ನಮ್ಮ ಲಾರಿಯ ಮೇಲೆ ಇದ್ದುದು ಒಂದು ಗುಂಡಿ ಮಾತ್ರ. ತಾಳವನ್ನು ತಂದೆವು, ತಾಳ ಹಾಕುವವನನ್ನು ಬಿಟ್ಟೆವು. ಮೂರನೆಯದು ಕೃತಘ್ನತೆ. ಯಾರ ಹಾಡು, ಯಾವ ಊರಿನದು, ಯಾರ ಕಷ್ಟದಿಂದ ಹುಟ್ಟಿದುದು ಎಂಬುದನ್ನು ಕೇಳುವ ಕುತೂಹಲವು ಹಾಕಿದವರಿಗೂ ಇಲ್ಲ, ಬೈದವರಿಗೂ ಇಲ್ಲ. ಶಾರ್ಙ್ಗದೇವನು ತುರುಷ್ಕನ ಹೆಸರನ್ನು ಬರೆದಿಟ್ಟನು. ನಾವು ಯಾರ ಹೆಸರನ್ನೂ ಬರೆಯುವುದಿಲ್ಲ.

“ಎಲ್ಲವನ್ನೂ ಒಳಗೆ ಬಿಟ್ಟರೆ ಕಡೆಗೆ ನಮ್ಮದೆಂಬುದು ಏನು ಉಳಿದೀತು?” ಎಂದು ಮಿತ್ರರೊಬ್ಬರು ಸಭೆಯ ಹೊರಗೆ ನನ್ನನ್ನು ಕೇಳಿದರು. ಪ್ರಶ್ನೆಯು ಯೋಗ್ಯವಾದುದೇ. ಲೋಕದ ಹಣಬಲವುಳ್ಳ ಸಂಗೀತವು ಬಡ ಊರಿನ ಸಂಗೀತವನ್ನು ನುಂಗಬಲ್ಲುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನುಂಗುವವನ ಬಾಯನ್ನು ಕಟ್ಟುವುದು ನಮ್ಮ ಕೈಯಲ್ಲಿಲ್ಲ; ನಮ್ಮವನಿಗೆ ಅನ್ನವಿಟ್ಟು ಬಲಪಡಿಸುವುದು ನಮ್ಮ ಕೈಯಲ್ಲಿದೆ. ಬಾಗಿಲನ್ನು ಮುಚ್ಚಿದ ಮಾತ್ರಕ್ಕೆ ಒಳಗಿನ ಹಸಿದವನ ಹೊಟ್ಟೆಯು ತುಂಬುವುದಿಲ್ಲ. ಪರಂಪರೆಯನ್ನು ಉಳಿಸಿಕೊಂಡ ಕ್ಯೂಬಾದವರು ಮೊದಲು ತಮ್ಮ ಕೇರಿಯ ಬಾರಿಸುವವನನ್ನು ಗೌರವಿಸಲು ಕಲಿತರು. ಅವರಿಂದ ತಾಳವನ್ನು ಎರವಲು ತಂದ ನಾವು ಆ ಗೌರವವನ್ನೂ ಎರವಲು ತಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಖಂಡನೆಯನ್ನು ಮಾಡಿ ಎದ್ದುಹೋಗುವುದು ನ್ಯಾಯವಲ್ಲವಾದುದರಿಂದ ನನ್ನ ಸಲಹೆಗಳನ್ನು ಮುಂದಿಡುತ್ತೇನೆ. ಆ ನಿರ್ಣಯದಿಂದ ‘ವಿದೇಶೀ’ ಎಂಬ ಶಬ್ದವನ್ನು ತೆಗೆದುಹಾಕಿ, ಅದರ ಬದಲು ಹತ್ತು ಗಂಟೆಯ ಮಿತಿಯನ್ನೂ ಕಾನೂನಿನ ಶಬ್ದಪ್ರಮಾಣವನ್ನೂ ಬರೆಯಲಿ. ಉತ್ಸವದ ಖರ್ಚಿನ ಪಟ್ಟಿಯಲ್ಲಿ ದೀಪ, ಪೆಂಡಾಲುಗಳಿಗಿಂತ ಮೊದಲು ಡೊಳ್ಳಿನ ಮೇಳದ ಸಂಭಾವನೆಯನ್ನು ಕಾಣಿಸಲಿ. ಅದರಲ್ಲಿ ಅರ್ಧವನ್ನು ಮುಂಗಡವಾಗಿ ಕೊಡಲಿ. ಮೇಳದವರ ಎಲೆಯನ್ನು ಮೊದಲ ಪಂಕ್ತಿಯಲ್ಲಿ, ಪೆಂಡಾಲಿನ ಒಳಗೆ ಹಾಕಲಿ. ಸಾಧ್ಯವಾದರೆ ಒಂದು ವರ್ಷ ಡಮಾಮಿಯ ಮೇಳವನ್ನೂ ಕರೆಸಿ, ಡೊಳ್ಳಿನ ಎದುರಿಗೆ ನಿಲ್ಲಿಸಿ, ಎರಡರ ಸಂವಾದವನ್ನು ಊರಿಗೆ ಕೇಳಿಸಲಿ. ಶನಿವಾರಗಳಂದು ಶಾಲೆಯ ಅಂಗಳದಲ್ಲಿ ಡೊಳ್ಳಿನ ಗುರುಗಳೊಬ್ಬರು ಮಕ್ಕಳಿಗೆ ಪಾಠ ಹೇಳುವಂತಾಗಲಿ. ನಿವೃತ್ತಿವೇತನದಲ್ಲಿ ಬದುಕುವ ನನ್ನಂಥವರು ಆ ಗುರುದಕ್ಷಿಣೆಯನ್ನು ಹಂಚಿಕೊಂಡು ಹೊರಲಿ. ನನ್ನ ಪಾಲನ್ನು ಕೊಡಲು ನಾನು ಸಿದ್ಧನಾಗಿದ್ದೇನೆ. ಇಷ್ಟೆಲ್ಲ ಮಾಡಿದ ಮೇಲೂ ಹುಡುಗರು ಒಂದು ಸ್ಪ್ಯಾನಿಷ್ ಹಾಡಿಗೆ ಕುಣಿದರೆ, ಕುಣಿಯಲಿ. ಗಣಪತಿಯು ಅದರಿಂದ ಮುನಿಯಲಾರನು.

ಲಾರಿಯ ಆ ಹುಡುಗನನ್ನು ನಾನು ಮತ್ತೆ ಕಂಡು ಈ ಸಲಹೆಗಳನ್ನು ಓದಿ ಹೇಳಿದೆನು. ಅವನು ಕೇಳಿ, “ಚರ್ಮ ಒಣಗಿ ಬಿರಿದೈತೆ ಮೇಷ್ಟ್ರೇ, ಹೊಸದಾಗಿ ಮುಚ್ಚಿಸ್ಬೇಕು. ಕಟ್ಟಿಗೆ ಗಟ್ಟಿ ಐತೆ” ಎಂದನು. ಕಟ್ಟಿಗೆಯು ಗಟ್ಟಿಯಾಗಿದೆ, ಚರ್ಮದ ಖರ್ಚನ್ನು ಕೊಡುವವರು ಯಾರೆಂಬುದನ್ನು ಸಭೆಯ ಮಹನೀಯರು ಮುಂದಿನ ಕೂಟದಲ್ಲಿ ತೀರ್ಮಾನಿಸಬೇಕಾಗಿದೆ.